ಬಳ್ಳಾರಿ ಬಿಸಿಲಿಗೆ, ಅದಿರಿನ ಧೂಳಿಗೆ ಯಾವ ರೆಡ್ ಡಾಟ್? ಮಿಲಿಟರಿ ರೈಫಲ್ ಸೈಟ್‌ಗಳ ವಿಮರ್ಶೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಡ್ಯೂಟಿ ರೈಫಲ್ ಮೇಲೆ ರೆಡ್ ಡಾಟ್ ಸೈಟ್ (ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಸುವ ಸಾಧನ) ಕೂರಿಸುವವರು ಮೂರು ಸಂಗತಿಗಳನ್ನು ಮೊದಲು ನೋಡಬೇಕು. ಬೆಳಕು ಕೊಡುವ ಎಲ್‌ಇಡಿ ಮುಚ್ಚಿದ ಕೊಳವೆಯೊಳಗಿದೆಯೋ, ಗಾಳಿಗೆ ತೆರೆದುಕೊಂಡಿದೆಯೋ? ಅದಕ್ಕೆ ಹಾಕುವ ಸೆಲ್ ಹತ್ತಿರದ ಅಂಗಡಿಯಲ್ಲಿ ಸಿಗುತ್ತದೋ? ಸೈಟನ್ನು ಹಿಡಿದು ನಿಲ್ಲಿಸುವ ಮೌಂಟ್ ರೈಫಲ್‌ನ ಗಟ್ಟಿ ಮೈಮೇಲಿದೆಯೋ, ಕ್ಲೀನಿಂಗ್‌ಗೆಂದು ಬಿಚ್ಚುವ ಕವರ್ ಮೇಲಿದೆಯೋ? ಗಾಜು ಎಷ್ಟು ತಿಳಿಯಾಗಿದೆ, ನೋಟ ಎಷ್ಟು ಅಗಲವಾಗಿದೆ ಎಂಬುದು ಇವುಗಳ ನಂತರದ ಮಾತು. ಈ ಮೂರನ್ನೂ ಇಟ್ಟು ತೂಗಿದರೆ ನಮ್ಮ ಕಡೆಗೆ ಮೊದಲ ಆಯ್ಕೆ ಏಮ್‌ಪಾಯಿಂಟ್ ಕಾಂಪ್ ಎಂ4. ತೂಕ ಹೆಚ್ಚು, ಆಕಾರ ದಪ್ಪ, ಆದರೂ ಅದೇ.

ಮೊದಲೇ ಹೇಳಿಬಿಡುವ ಮಾತು: 5.56 ಮಿ.ಮೀ., 7.62 ಮಿ.ಮೀ. ಸೇನಾ ರೈಫಲ್‌ಗಳು ನಮ್ಮಲ್ಲಿ ನಿಷೇಧಿತ ಬೋರ್ (ನಳಿಕೆಯ ಒಳವ್ಯಾಸ). ಸಾರ್ವಜನಿಕರು ಅವುಗಳಿಗೆ ಸೈಟ್ ಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಈ ಬರಹ ಸೇವೆಯಲ್ಲಿರುವವರಿಗೆ, ಆಯುಧಗಳ ರಿಪೇರಿ ನೋಡಿಕೊಳ್ಳುವ ಆರ್ಮರರ್‌ಗಳಿಗೆ, ಈ ವಿಷಯದಲ್ಲಿ ಆಸಕ್ತಿ ಇರುವವರಿಗೆ. ಏರ್ ರೈಫಲ್ ಇಟ್ಟುಕೊಂಡವರಿಗೂ ಕೊನೆಯಲ್ಲಿ ನಾಲ್ಕು ಮಾತಿದೆ.

ರೆಡ್ ಡಾಟ್ ಕೆಲಸ ಮಾಡುವ ಬಗೆ ಸರಳ. ಒಂದು ಸಣ್ಣ ಎಲ್‌ಇಡಿ ಕೆಂಪು ಬೆಳಕನ್ನು ಮುಂದಿನ ಬಾಗಿದ ಗಾಜಿನ ಮೇಲೆ ಬಿಡುತ್ತದೆ. ಆ ಗಾಜಿಗೆ ಬಳಿದ ಲೇಪನ ಕೆಂಪನ್ನು ಮಾತ್ರ ಕಣ್ಣಿನ ಕಡೆಗೆ ಹಿಂದಿರುಗಿಸಿ ಉಳಿದ ಬಣ್ಣಗಳನ್ನು ಒಳಗೆ ಬಿಡುತ್ತದೆ. ಹಾಗಾಗಿ ಸೈಟ್ ಮೂಲಕ ಕಾಣುವ ನೋಟಕ್ಕೆ ತುಸು ನೀಲಿ ಛಾಯೆ ಇರುತ್ತದೆ, ಅದು ದೋಷವಲ್ಲ. ಚುಕ್ಕೆ ದೂರದಲ್ಲಿ, ಗುರಿಯ ಮೇಲೆಯೇ ಕೂತಂತೆ ಕಾಣುವುದರಿಂದ ಹಿಂದಿನ ಪೀಪ್ ರಂಧ್ರ, ಮುಂದಿನ ಫೋರ್‌ಸೈಟ್ ಮೊನೆ, ಗುರಿ ಈ ಮೂರನ್ನೂ ಒಂದೇ ಸಾಲಿಗೆ ತರುವ ಕಷ್ಟ ತಪ್ಪುತ್ತದೆ. ಎರಡೂ ಕಣ್ಣು ತೆರೆದು ಗುರಿಯನ್ನೇ ನೋಡುತ್ತಾ ಚುಕ್ಕೆ ಇಟ್ಟರೆ ಆಯಿತು.

ಚುಕ್ಕೆಯ ಗಾತ್ರವನ್ನು ಎಂಒಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ) ಲೆಕ್ಕದಲ್ಲಿ ಹೇಳುತ್ತಾರೆ. 1 ಎಂಒಎ ಎಂದರೆ 100 ಮೀಟರ್ ದೂರದಲ್ಲಿ ಸುಮಾರು 29 ಮಿ.ಮೀ. 2 ಎಂಒಎ ಚುಕ್ಕೆ 100 ಮೀಟರಿನಲ್ಲಿ 58 ಮಿ.ಮೀ., 300 ಮೀಟರಿನಲ್ಲಿ ಸುಮಾರು 175 ಮಿ.ಮೀ. ಜಾಗ ಮುಚ್ಚುತ್ತದೆ. ಸೈನಿಕನ ಆಕಾರದ ಫಿಗರ್ 11 ಟಾರ್ಗೆಟ್ಟಿನ ಅಗಲ ಅಂದಾಜು 45 ಸೆಂ.ಮೀ. ಇರುವುದರಿಂದ 300ರಲ್ಲೂ ಎರಡೂ ಪಕ್ಕ ಜಾಗ ಉಳಿಯುತ್ತದೆ. 4 ಎಂಒಎ ಚುಕ್ಕೆಯಾದರೆ ಅದೇ ದೂರದಲ್ಲಿ ಟಾರ್ಗೆಟ್ಟಿನ ಮುಕ್ಕಾಲು ಅಗಲವನ್ನು ನುಂಗಿಬಿಡುತ್ತದೆ. ರೈಫಲ್‌ಗೆ 2 ಎಂಒಎಯೇ ಸರಿ.

ಏಮ್‌ಪಾಯಿಂಟ್ ಸ್ವೀಡನ್ನಿನ ಕಂಪನಿ. ಎಲೆಕ್ಟ್ರಾನಿಕ್ ರೆಡ್ ಡಾಟ್ ಸೈಟನ್ನು 1975ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಅದೇ. ಅಮೆರಿಕದ ಸೇನೆ ಎಂ68 ಎಂಬ ಹೆಸರಿನಲ್ಲಿ ಬಳಸುವ ಸೈಟ್‌ಗಳಲ್ಲಿ ಕಾಂಪ್ ಎಂ4 ಕೂಡ ಒಂದು. ಇದಕ್ಕೆ ಬೇಕಾದದ್ದು ಒಂದೇ ಒಂದು ಎಎ ಸೆಲ್, ನಾವು ಪೆನ್ಸಿಲ್ ಸೆಲ್ ಎನ್ನುವುದು. ಸಿರುಗುಪ್ಪದ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಲಿಂಗಸುಗೂರಿನ ಬಸ್‌ಸ್ಟ್ಯಾಂಡ್‌ನಲ್ಲೂ ಸಿಗುತ್ತದೆ. ಹೊಳಪಿನ 16 ಹಂತಗಳಲ್ಲಿ 12ನೇ ಹಂತಕ್ಕೆ ಇಟ್ಟರೆ 80,000 ಗಂಟೆ ನಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಅಂದರೆ ಎಂಟು ವರ್ಷಕ್ಕೂ ಮೇಲೆ. ಕಾರ್ಯ ತಾಪಮಾನದ ಮೇಲ್ಮಿತಿ 71 ಡಿಗ್ರಿ ಸೆಲ್ಸಿಯಸ್. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡೆ ನೆರಳಿನಲ್ಲೇ 40 ದಾಟುತ್ತದೆ, ಗಾಜು ಮುಚ್ಚಿದ ಜೀಪಿನೊಳಗೆ 60 ದಾಟುವುದು ಕಷ್ಟವೇನಲ್ಲ. ಈ ಮಿತಿ ಎಷ್ಟು ಮುಖ್ಯ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಆದರೆ ಎಂಟು ವರ್ಷದ ಮಾತು ನಂಬಿ ಸೆಲ್ ಹಾಗೇ ಬಿಡಬಾರದು. ಸಾಮಾನ್ಯ ಅಲ್ಕಲೈನ್ ಸೆಲ್ ಶಾಖಕ್ಕೆ ಬೇಗ ಸೋರುತ್ತದೆ. ಸೋರಿದ ರಸ ಸ್ಪ್ರಿಂಗ್ ಕಾಂಟ್ಯಾಕ್ಟನ್ನು ತಿಂದು ಹಸಿರು ಕಿಲುಬು ಕೂರಿಸುತ್ತದೆ, ಮುಚ್ಚಳ ಅಂಟಿಕೊಳ್ಳುತ್ತದೆ. ಲೀಥಿಯಂ ಎಎ ಸೆಲ್ ಹಾಕಿದರೆ ಸೋರಿಕೆಯ ಭಯ ಬಹಳ ಕಡಿಮೆ. ಅಲ್ಕಲೈನನ್ನೇ ಹಾಕುವುದಾದರೆ ವರ್ಷಕ್ಕೊಮ್ಮೆ ನಿಗದಿತ ದಿನ ಎಲ್ಲ ಸೈಟ್‌ಗಳ ಸೆಲ್ ಒಟ್ಟಿಗೆ ಬದಲಾಯಿಸಿ. ಬೇಸಿಗೆ ಶುರುವಾಗುವ ಮುಂಚೆ, ಫೆಬ್ರುವರಿಯಲ್ಲಿ ಮಾಡುವುದು ಒಳ್ಳೆಯದು. ಬದಲಾಯಿಸಿದ ತಿಂಗಳನ್ನು ಸಣ್ಣ ಟೇಪಿನ ಮೇಲೆ ಬರೆದು ಸೆಲ್ ಮುಚ್ಚಳದ ಪಕ್ಕ ಅಂಟಿಸಿ. ಮುಚ್ಚಳದ ಓ-ರಿಂಗ್ ಒಣಗಿದ್ದರೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ. ಮುಚ್ಚಳವನ್ನು ಕೈಯಲ್ಲೇ ತಿರುಗಿಸಬೇಕು, ಇಕ್ಕಳ ಮುಟ್ಟಿಸಬಾರದು.

ಇದರ ಕೊರತೆ ತೂಕ. ಸೈಟ್ ಒಂದೇ 265 ಗ್ರಾಂ, ಮೌಂಟ್ ಸೇರಿದರೆ 300 ದಾಟುತ್ತದೆ. ಎಂ4ನಲ್ಲಿ ಸೆಲ್ ಗೂಡು ಮೇಲ್ಗಡೆ ಪಕ್ಕಕ್ಕಿದ್ದು ಸುತ್ತಲಿನ ನೋಟಕ್ಕೆ ತುಸು ಅಡ್ಡ ಬರುತ್ತದೆ. ಎಂ4ಎಸ್ ಎಂಬ ರೂಪದಲ್ಲಿ ಗೂಡು ಕೆಳಗಿದೆ, ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಅದೇ ಕಂಪನಿಯ ಮೈಕ್ರೊ ಟಿ-2 ತೂಗುವುದು ಮೌಂಟ್ ಬಿಟ್ಟು 84 ಗ್ರಾಂ. ಇಡೀ ದಿನ ರೈಫಲ್ ಹೊತ್ತು ನಡೆಯುವವನಿಗೆ ಈ ವ್ಯತ್ಯಾಸ ಹೆಗಲಿಗೆ ತಿಳಿಯುತ್ತದೆ. ಸಿಆರ್2032 ಬಟನ್ ಸೆಲ್‌ನಲ್ಲಿ, 12 ಹಂತಗಳ ಪೈಕಿ 8ನೇ ಹಂತದಲ್ಲಿ 50,000 ಗಂಟೆ ಎಂದು ಕಂಪನಿಯ ಲೆಕ್ಕ. ಈ ಸೆಲ್ ಕಾರಿನ ಕೀ, ಕಂಪ್ಯೂಟರ್ ಮದರ್‌ಬೋರ್ಡ್‌ಗಳಿಗೂ ಬರುವುದರಿಂದ ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿ, ವಾಚ್ ರಿಪೇರಿ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಅಗ್ಗದ ಸೆಲ್‌ಗಳ ದಪ್ಪ ಕೂದಲೆಳೆಯಷ್ಟು ಕಡಿಮೆ ಇದ್ದರೂ ಗುಂಡು ಹಾರಿದ ಒದೆತಕ್ಕೆ ಕಾಂಟ್ಯಾಕ್ಟ್ ತಪ್ಪಿ ಚುಕ್ಕೆ ಮಿಣುಕುತ್ತದೆ. ಚುಕ್ಕೆ ಮಿಣುಕಿದರೆ ಸೈಟ್ ಕೆಟ್ಟಿತೆಂದು ಬಗೆಯುವ ಮುನ್ನ ಒಳ್ಳೆಯ ಕಂಪನಿಯ ಸೆಲ್ ಹಾಕಿ ನೋಡಿ. ಬಹುಪಾಲು ಅಲ್ಲಿಗೇ ಸರಿಹೋಗುತ್ತದೆ. ತೂಕವೇ ನಿಮ್ಮ ದೊಡ್ಡ ಚಿಂತೆಯಾದರೆ ಕಾಂಪ್ ಎಂ4 ಬಿಟ್ಟು ಇದನ್ನು ತೆಗೆದುಕೊಳ್ಳಿ. ಇದೂ ಮುಚ್ಚಿದ ಕೊಳವೆಯೇ, 25 ಮೀಟರ್ ಆಳದ ನೀರನ್ನೂ ತಡೆಯುತ್ತದೆ.

ಈಒಟೆಕ್ ಬೇರೆ ಜಾತಿ. ಇದರಲ್ಲಿ ಎಲ್‌ಇಡಿ ಇಲ್ಲ. ಲೇಸರ್ ಡಯೋಡ್‌ನಿಂದ ಗಾಜಿನಲ್ಲಿ ದಾಖಲಾದ ಹೋಲೋಗ್ರಾಂ ಬೆಳಗುತ್ತದೆ. 1 ಎಂಒಎ ಚುಕ್ಕೆ, ಸುತ್ತ ದೊಡ್ಡ ಉಂಗುರ. ಹತ್ತಿರದ ಗುರಿಗೆ ಉಂಗುರ, ದೂರದ ಗುರಿಗೆ ಚುಕ್ಕೆ. ಈ ರೆಟಿಕಲ್ (ಗುರಿ ಹಿಡಿಯುವ ಗುರುತು) ನಿಜಕ್ಕೂ ವೇಗವಾಗಿದೆ, ಅಗಲವಾದ ಕಿಟಕಿಯೂ ಚೆನ್ನ. ಹಾಗಿದ್ದೂ ನಮ್ಮ ಕಡೆಗೆ ಇದನ್ನು ಎರಡನೇ ಸಾಲಿನಲ್ಲಿ ಇಡಲು ಎರಡು ಕಾರಣ ಇವೆ.

ಒಂದು, ವಿದ್ಯುತ್ತಿನ ಹಸಿವು. ಎಕ್ಸ್‌ಪಿಎಸ್ ಮಾದರಿಗಳು ಸಿಆರ್123 ಸೆಲ್ ಒಂದರಲ್ಲಿ ಮಧ್ಯಮ ಹೊಳಪಿಗೆ 1,000 ಗಂಟೆ ಮಾತ್ರ ನಡೆಯುತ್ತವೆ. ಅದಕ್ಕೇ ಇವುಗಳಲ್ಲಿ ತಾನಾಗಿ ಆರಿಹೋಗುವ ವ್ಯವಸ್ಥೆ ಇದೆ: ಮೇಲಿನ ಬಾಣದ ಗುಂಡಿ ಒತ್ತಿ ಆನ್ ಮಾಡಿದರೆ 8 ಗಂಟೆಗೆ, ಕೆಳಗಿನದ್ದು ಒತ್ತಿದರೆ 4 ಗಂಟೆಗೆ ಆರುತ್ತದೆ. 12 ಗಂಟೆಯ ಪಾಳಿಯಲ್ಲಿ ನಿಂತವನ ಸೈಟ್ ನಡುವೆಯೇ ಆರಿರುತ್ತದೆ ಎಂಬುದನ್ನು ಕೈಗೆ ಕೊಡುವಾಗಲೇ ಹೇಳಿಕೊಡಬೇಕು. ಸಿಆರ್123 ಹಳ್ಳಿಯ ಅಂಗಡಿಯಲ್ಲಿ ಸಿಗದು. ಸಿಗಲಿಲ್ಲವೆಂದು ಅದೇ ಗಾತ್ರದ ರೀಚಾರ್ಜ್ ಸೆಲ್ ಹಾಕಲೇಬೇಡಿ. 3 ವೋಲ್ಟ್ ಜಾಗಕ್ಕೆ ಅದು ತುಂಬಿದಾಗ 4.2 ವೋಲ್ಟ್ ಕೊಡುತ್ತದೆ. ಹಳೆಯ 512 ಮಾದರಿ ಎರಡು ಎಎ ಸೆಲ್ ನುಂಗಿ ಎರಡು ಸಾವಿರ ಗಂಟೆಗೆ ಮೇಲೆ ನಡೆಯುತ್ತದೆ. ಸೆಲ್ ಸಿಗುವ ದೃಷ್ಟಿಯಿಂದ ನಮ್ಮಲ್ಲಿ ಅದೇ ವಾಸಿ.

ಎರಡು, ಶಾಖಕ್ಕೆ ಗುರಿ ಸರಿಯುವುದು. ತಾಪಮಾನ ಬದಲಾದಾಗ ಹೊಡೆತದ ಜಾಗ ಸರಿಯುತ್ತದೆ, ತೇವ ಹೊಕ್ಕು ರೆಟಿಕಲ್ ಮಂಕಾಗುತ್ತದೆ ಎಂಬ ಆರೋಪಗಳ ಮೊಕದ್ದಮೆಯಲ್ಲಿ 2015ರ ನವೆಂಬರಿನಲ್ಲಿ ಆಗಿನ ಮಾಲೀಕ ಸಂಸ್ಥೆ ಎಲ್-3 ಅಮೆರಿಕ ಸರ್ಕಾರಕ್ಕೆ 2.56 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಮುಂದಿನ ಮಾದರಿಗಳನ್ನು ಸುಧಾರಿಸಿದ್ದಾರೆ. ಆದರೂ ಕೈಗೆ ಬಂದ ಪ್ರತಿ ಈಒಟೆಕ್ಕನ್ನು ಇಲ್ಲಿ ಪರೀಕ್ಷಿಸದೆ ಬಳಸಕೂಡದು. ಬೆಳಿಗ್ಗೆ ಏಳಕ್ಕೆ ಒಂದು ಗ್ರೂಪ್ (ಒಂದೇ ಬಿಂದುವಿಗೆ ಗುರಿಯಿಟ್ಟ ಕೆಲವು ಗುಂಡು) ಹೊಡೆಯಿರಿ, ರೈಫಲ್ಲನ್ನು ಬಿಸಿಲಿಗೆ ಬಿಟ್ಟು ಮಧ್ಯಾಹ್ನ ಎರಡಕ್ಕೆ ಅದೇ ಲಾಟ್‌ನ ಮದ್ದುಗುಂಡಿನಿಂದ ಅದೇ ಹಾಳೆಯ ಮೇಲೆ ಇನ್ನೊಂದು ಗ್ರೂಪ್ ಹೊಡೆಯಿರಿ. ಗುಂಡುಗಳನ್ನು ಮಾತ್ರ ನೆರಳಲ್ಲಿಡಿ. ಕಾದ ಮದ್ದು ವೇಗ ಹೆಚ್ಚಿಸಿ ಲೆಕ್ಕ ಕೆಡಿಸುತ್ತದೆ. 100 ಮೀಟರಿನಲ್ಲಿ ಎರಡು ಗ್ರೂಪ್‌ಗಳ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಅಂತರ ಬಂದರೆ, ಅಂದರೆ 2 ಎಂಒಎ ದಾಟಿದರೆ, ಆ ಸೈಟನ್ನು ಬದಿಗಿಡಿ. ಈ ಪರೀಕ್ಷೆ ಯಾವ ಕಂಪನಿಯ ಸೈಟಿಗೂ ಆಗುತ್ತದೆ.

ಭಾರತದ ವಿಶೇಷ ಪಡೆಗಳ ಟವೋರ್ ರೈಫಲ್‌ಗಳ ಮೇಲೆ ಕಾಣುವ ಇಸ್ರೇಲಿನ ಮೆಪ್ರೊ ಎಂ21ಗೆ ಸೆಲ್ಲೇ ಬೇಡ. ಹಗಲಲ್ಲಿ ಫೈಬರ್ ಆಪ್ಟಿಕ್ ಹೊರಗಿನ ಬೆಳಕನ್ನು ಹೀರಿ ಚುಕ್ಕೆ ಬೆಳಗಿಸುತ್ತದೆ, ರಾತ್ರಿ ಟ್ರಿಟಿಯಂ ಎಂಬ ವಿಕಿರಣಶೀಲ ಅನಿಲ ಬೆಳಗಿಸುತ್ತದೆ. ಆನ್ ಮಾಡಲು ಮರೆಯುವ ಪ್ರಸಂಗವಿಲ್ಲ, ಸ್ಟೋರಿನಲ್ಲಿ ವರ್ಷಗಟ್ಟಲೆ ಇಟ್ಟರೂ ಸೋರುವುದಿಲ್ಲ. ಆದರೆ ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. ಆ ಹೊತ್ತಿಗೆ ರಾತ್ರಿಯ ಹೊಳಪು ಅರ್ಧವಾಗಿರುತ್ತದೆ, ಇಪ್ಪತ್ತೈದನೇ ವರ್ಷಕ್ಕೆ ಕಾಲು ಪಾಲು. ತಯಾರಾದ ವರ್ಷ ನೋಡದೆ ಹಳೆಯದನ್ನು ಕೈಗೆತ್ತಿಕೊಳ್ಳಬೇಡಿ. ಇದಕ್ಕಿಂತ ದೊಡ್ಡ ತೊಂದರೆ ಹಗಲಿನದ್ದು. ಫೈಬರ್ ಹೀರುವುದು ಸೈಟ್ ಇರುವ ಜಾಗದ ಬೆಳಕನ್ನು, ಗುರಿ ಇರುವ ಜಾಗದ್ದನ್ನಲ್ಲ. ಕತ್ತಲ ಗೋಡೌನಿನೊಳಗಿಂದ ಉರಿಬಿಸಿಲಿನಲ್ಲಿರುವ ಗುರಿಯನ್ನು ನೋಡಿದರೆ ಚುಕ್ಕೆ ತೆಳುವಾಗಿ ಕರಗಿಹೋಗುತ್ತದೆ. ಬಳ್ಳಾರಿ ಗುಡ್ಡ, ಆನೆಗೊಂದಿ ಕಡೆಯ ಬೋಳು ಕಲ್ಲಿನ ಮೇಲೆ ನಡುಹಗಲ ಬಿಸಿಲು ಬಿದ್ದಾಗ ಕಣ್ಣೇ ಕೋರೈಸುತ್ತದೆ, ಅಂಥ ಹಿನ್ನೆಲೆಗೆ ನೆರಳಲ್ಲಿ ಕುಳಿತು ಗುರಿಯಿಟ್ಟರೆ ಎಂ21 ಸೋಲುತ್ತದೆ. ಬಯಲಲ್ಲಿ ನಿಂತವನಿಗೆ ಈ ತೊಂದರೆ ಇಲ್ಲ.

ಚೀನಾದ ಹೋಲೋಸನ್ 510ಸಿ ಬೆಲೆಗೆ ಹೋಲಿಸಿದರೆ ಒಳ್ಳೆಯ ಮಾಲು. ಸೌರ ಪಟ್ಟಿಯೂ ಇದೆ, ಉಂಗುರದ ರೆಟಿಕಲ್ಲೂ ಇದೆ. ಆದರೆ ಅದರ ಎಲ್‌ಇಡಿ ತೆರೆದದ್ದು. ಸಂಡೂರು, ದೋಣಿಮಲೈ ಕಡೆಯ ಅದಿರಿನ ಧೂಳಾಗಲಿ, ಶಕ್ತಿನಗರದ ಹಾರುಬೂದಿಯಾಗಲಿ, ಸಿಂಧನೂರು ರೈಸ್‌ಮಿಲ್‌ಗಳ ಹೊಟ್ಟಾಗಲಿ ಒಂದು ಕಣ ಆ ಸಣ್ಣ ರಂಧ್ರದ ಮೇಲೆ ಕೂತರೂ ಚುಕ್ಕೆ ಒಡೆದು ಕಾಣುತ್ತದೆ ಅಥವಾ ಕಾಣುವುದೇ ಇಲ್ಲ. ಮಳೆ ಹನಿಯೂ ಅಷ್ಟೇ ಮಾಡುತ್ತದೆ. ಧೂಳಿಲ್ಲದ ಊರಿಗೆ ಸರಿ, ನಮ್ಮ ಕಡೆಗೆ ಬೇಡ.

ಇನ್ನು ಮೌಂಟ್. ರೆಡ್ ಡಾಟ್ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಸೈಟಿನವಲ್ಲ, ಇದರವು. ನಮ್ಮ ದೇಶದ ಇನ್ಸಾಸ್ ಮತ್ತು ಹಳೆಯ ಎಕೆ ರೈಫಲ್‌ಗಳ ಮೇಲಿನ ಕವರ್ ತೆಳು ತಗಡಿನದು, ಕ್ಲೀನಿಂಗ್‌ಗೆ ಬಿಚ್ಚುವಂಥದ್ದು. ಅದರ ಮೇಲೆ ರೈಲ್ (ಮೌಂಟ್ ಕಚ್ಚಿಕೊಳ್ಳುವ ಲೋಹದ ಪಟ್ಟಿ) ಬೆಸೆದು ಸೈಟ್ ಕೂರಿಸಿದರೆ ಚಿಂದಿ ಹಾಕಿ ನಳಿಕೆಯೊಳಗೆ ಪುಲ್‌ಥ್ರೂ ಹಗ್ಗ ಎಳೆಯಲು ಕವರ್ ತೆಗೆದು ಮತ್ತೆ ಹಾಕಿದಾಗಲೆಲ್ಲ ಜೀರೋ, ಅಂದರೆ ಚುಕ್ಕೆ ಇಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆ, ಬದಲಾಗುತ್ತದೆ. ಎಷ್ಟೇ ದುಬಾರಿ ಸೈಟಾದರೂ ಅಲ್ಲಿ ದಂಡ. ಎಕೆಗೆ ರಿಸೀವರ್‌ನ (ರೈಫಲ್‌ನ ನಡುಮೈ) ಎಡಪಕ್ಕದ ಸೈಡ್ ರೈಲ್ ಬಳಸಿ, ಅಥವಾ ಗ್ಯಾಸ್ ಟ್ಯೂಬ್ ಕಡೆಯ ಮುಂದಿನ ಹಿಡಿಕೆಯ (ಹ್ಯಾಂಡ್‌ಗಾರ್ಡ್) ರೈಲ್ ಬಳಸಿ. ಎರಡನೆಯದು ಗುಂಡು ಹಾರಿದಂತೆ ಕಾಯುತ್ತದೆ, ಆದ್ದರಿಂದ ಹಗುರ ಸೈಟ್ ಮಾತ್ರ. ಅಮೇಠಿಯ ಕೊರ್ವಾದಲ್ಲಿ ತಯಾರಾಗುವ ಎಕೆ-203ರ ಕವರ್ ಕೀಲಿನ ಮೇಲೆ ತೆರೆದು ಮುಚ್ಚುವ ಗಟ್ಟಿ ಕವರ್, ಅದಕ್ಕೆ ರೈಲ್ ಇದೆ. ಹಳೆಯ ಎಕೆಗಿಂತ ಎಷ್ಟೋ ಮೇಲು. ಆದರೂ ಕ್ಲೀನಿಂಗ್ ಆದ ಮೇಲೆ ಮೂರು ಗುಂಡಿನಲ್ಲಿ ಜೀರೋ ಖಾತ್ರಿ ಮಾಡಿಕೊಳ್ಳುವುದು ಕ್ಷೇಮ. 2019ರಲ್ಲಿ ನಮ್ಮ ಸೇನೆಗೆ 72,400ರ ಲೆಕ್ಕದಲ್ಲಿ ಆರ್ಡರ್ ಆದ ಸಿಗ್ 716 ರೈಫಲ್‌ನಲ್ಲಿ ಅಪ್ಪರ್ ರಿಸೀವರ್ ಮೇಲೆಯೇ ಪಿಕಾಟಿನಿ ರೈಲ್ ಇರುವುದರಿಂದ ಈ ಗೋಳಿಲ್ಲ.

ಪಿಕಾಟಿನಿ ರೈಲಿನ ಸೀಳುಗಳು ಸುಮಾರು 5.2 ಮಿ.ಮೀ. ಅಗಲ, ಒಂದರಿಂದ ಒಂದಕ್ಕೆ 10 ಮಿ.ಮೀ. ಅಂತರ. ಮೌಂಟಿನ ಅಡಿಯ ಅಡ್ಡಪಟ್ಟಿ ಸೀಳಿಗಿಂತ ತುಸು ಕಿರಿದಾಗಿರುತ್ತದೆ. ಬಿಗಿಯುವ ಮೊದಲು ಸೈಟನ್ನು ಬ್ಯಾರಲ್ ಕಡೆಗೆ, ಮುಂದಕ್ಕೆ ಒತ್ತಿ ಹಿಡಿಯಬೇಕು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಸೈಟ್ ಇದ್ದಲ್ಲೇ ಉಳಿಯಲು ನೋಡುತ್ತದೆ. ಮೊದಲೇ ಮುಂದಿನ ಗೋಡೆಗೆ ತಾಗಿದ್ದರೆ ಸರಿಯಲು ಜಾಗ ಇರುವುದಿಲ್ಲ. ಈ ಒಂದು ಹೆಜ್ಜೆ ಬಿಟ್ಟರೆ ಮೊದಲ ಹತ್ತು ಹದಿನೈದು ಗುಂಡಿಗೆ ಜೀರೋ ಓಡಾಡುತ್ತದೆ. ಕಾಂಪ್ ಎಂ4ರ ಮೌಂಟಿನ ತಿರುಗುಗುಬುಟನ್ನು ಟಕ್ ಎಂಬ ಸದ್ದು ಕನಿಷ್ಠ ಮೂರು ಬಾರಿ ಬರುವವರೆಗೆ ತಿರುಗಿಸಿ. ಸ್ಕ್ರೂ ಇರುವ ಮೌಂಟಾದರೆ ಸ್ಕ್ರೂ, ರಂಧ್ರ ಎರಡರ ಎಣ್ಣೆಯನ್ನೂ ಸ್ಪಿರಿಟ್‌ನಿಂದ ತೆಗೆದು, ಸ್ಕ್ರೂ ಸಡಿಲಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ ಹಾಕಿ, ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿದು ಒಂದು ರಾತ್ರಿ ಬಿಡಿ. ಕೆಂಪು ಲಾಕ್‌ಟೈಟ್ ಹಾಕಿದರೆ ಮುಂದೆ ಕಾಯಿಸದೆ ಬಿಚ್ಚಲಾಗುವುದಿಲ್ಲ. ಕೊನೆಗೆ ಸ್ಕ್ರೂ ತಲೆಯಿಂದ ಮೌಂಟಿನ ಮೈಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ, ನೇಲ್ ಪಾಲಿಶ್ ಆದರೂ ಸಾಕು. ಗೆರೆ ತುಂಡಾಗಿ ಕಂಡ ದಿನ ಸ್ಕ್ರೂ ಸಡಿಲಾಗಿದೆ ಎಂದರ್ಥ.

ಜೀರೋ ಮಾಡಲು ನಮ್ಮ ಕಡೆ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಬೇಕು. ಆಮೇಲೆ ನೆಲ ಕಾದು ಬಿಸಿಲ್ಗುದುರೆ ಏಳುತ್ತದೆ, ಟಾರ್ಗೆಟ್ ನೀರಿನಲ್ಲಿ ಅಲುಗಿದಂತೆ ಕಾಣುತ್ತದೆ. 5.56 ರೈಫಲ್‌ಗೆ 50 ಮೀಟರ್ ಜೀರೋ ಒಳ್ಳೆಯದು. ಸೈಟ್ ಬ್ಯಾರಲ್ಲಿಗಿಂತ ಆರೂವರೆ ಸೆಂ.ಮೀ. ಎತ್ತರದಲ್ಲಿದ್ದರೆ ಗುಂಡು 50ರಲ್ಲಿ ಚುಕ್ಕೆಗೆ ತಾಗಿ, 100ರಲ್ಲಿ ಮೂರು ನಾಲ್ಕು ಸೆಂ.ಮೀ. ಮೇಲೆ ಹೋಗಿ, 200ರ ಆಸುಪಾಸಿಗೆ ಮತ್ತೆ ಚುಕ್ಕೆಯ ಹತ್ತಿರ ಬರುತ್ತದೆ. 300ರಲ್ಲಿ ಒಂದಡಿ ಆಸುಪಾಸು ಕೆಳಗೆ ಬೀಳುತ್ತದೆ, ಅಷ್ಟು ಮೇಲೆ ಹಿಡಿಯಬೇಕು. ಎಕೆಯ ಗುಂಡು ನಿಧಾನ, ಬೇಗ ಇಳಿಯುತ್ತದೆ. ಅದಕ್ಕೆ ಈ ಅಂಕಿಗಳು ನಡೆಯುವುದಿಲ್ಲ, 100 ಮತ್ತು 200ರಲ್ಲಿ ಹೊಡೆದೇ ನೋಡಬೇಕು. ಹತ್ತೇ ಮೀಟರಿನಲ್ಲಿ ಹೊಡೆದರೆ ಗುಂಡು ಚುಕ್ಕೆಗಿಂತ ನಾಲ್ಕೈದು ಸೆಂ.ಮೀ. ಕೆಳಗೆ ಬೀಳುತ್ತದೆ ಎಂಬುದನ್ನೂ ನೆನಪಿಡಿ. ಗೋಡೆಯ ಮೇಲೆ ರೈಫಲ್ ಊರಿ ಹೊಡೆಯುವಾಗ ಚುಕ್ಕೆ ಗೋಡೆಯ ಅಂಚಿಗಿಂತ ಮೇಲೆ ಕಂಡರೂ ನಳಿಕೆ ಗೋಡೆಗೇ ನೇರವಾಗಿರಬಹುದು.

ಚುಕ್ಕೆ ಸರಿಸುವ ಸ್ಕ್ರೂ ತಿರುಗಿಸಿದಾಗ ಬರುವ ಕ್ಲಿಕ್‌ಗಳ ಲೆಕ್ಕ ಮಾದರಿಯಿಂದ ಮಾದರಿಗೆ ಬೇರೆ. 100 ಮೀಟರಿನಲ್ಲಿ ಟಿ-2ಗೆ ಒಂದು ಕ್ಲಿಕ್ 13 ಮಿ.ಮೀ., ಕಾಂಪ್ ಎಂ4ಗೆ 16 ಮಿ.ಮೀ. 50ರಲ್ಲಿ ಅದರ ಅರ್ಧ. 50 ಮೀಟರಿನಲ್ಲಿ ಗ್ರೂಪ್ 65 ಮಿ.ಮೀ. ಕೆಳಗಿದ್ದರೆ ಟಿ-2ಗೆ 10 ಕ್ಲಿಕ್, ಕಾಂಪ್ ಎಂ4ಗೆ 8 ಕ್ಲಿಕ್ ಮೇಲಕ್ಕೆ. ಮೂರು ಗುಂಡಿನ ಗ್ರೂಪಿನ ನಡುವನ್ನು ಹಿಡಿದು ಲೆಕ್ಕ ಹಾಕಿ. ಒಂದೇ ಗುಂಡು ನೋಡಿ ತಿರುಗಿಸಿದರೆ ದಿನವಿಡೀ ಚುಕ್ಕೆಯ ಹಿಂದೆ ಓಡಬೇಕಾಗುತ್ತದೆ. ಟಿ-2ರಲ್ಲಿ ಮುಚ್ಚಳವನ್ನೇ ತಿರುವಿ ಅದರ ಮೊಳೆಗಳಿಂದ ಸ್ಕ್ರೂ ತಿರುಗಿಸಬಹುದು, ಸ್ಕ್ರೂಡ್ರೈವರ್ ಹುಡುಕಬೇಕಿಲ್ಲ. ಜೀರೋ ಮಾಡುವಾಗ ಚುಕ್ಕೆ ಗಾಜಿನ ನಡುವೆ ಇರಲಿ. ಪ್ಯಾರಲಾಕ್ಸ್ (ಕಣ್ಣು ಸರಿದಾಗ ಚುಕ್ಕೆ ಗುರಿಯಿಂದ ಸರಿದು ಕಾಣುವುದು) ಇಲ್ಲ ಎಂದು ಕಂಪನಿಗಳು ಬರೆದರೂ ಚುಕ್ಕೆ ಅಂಚಿಗೆ ಹೋದಾಗ ಹತ್ತಿರದ ಗುರಿಗೆ ಸ್ವಲ್ಪ ವ್ಯತ್ಯಾಸ ಬರುತ್ತದೆ. ಹೊಳಪು ಚುಕ್ಕೆಯ ಅಂಚು ಚೂಪಾಗಿ ಕಾಣುವ ಅತಿ ಕಡಿಮೆ ಹಂತದಲ್ಲಿರಲಿ. ಹೆಚ್ಚಿಸಿದರೆ ಚುಕ್ಕೆ ಹರಡಿ 2 ಎಂಒಎ ಇದ್ದದ್ದು ನಾಲ್ಕರಂತೆ ಕಾಣುತ್ತದೆ.

ಚುಕ್ಕೆ ಬಾಲ ಬಂದಂತೆ, ನಕ್ಷತ್ರದಂತೆ, ಎರಡಾದಂತೆ ಕಾಣುತ್ತದೆ ಎಂದು ಒಳ್ಳೆಯ ಸೈಟನ್ನು ವಾಪಸ್ ಕೊಡುವವರಿದ್ದಾರೆ. ಮೊಬೈಲ್ ಕ್ಯಾಮೆರಾದಿಂದ ಸೈಟಿನ ಹಿಂದೆ ಒಂದು ಫೋಟೊ ತೆಗೆಯಿರಿ. ಫೋಟೊದಲ್ಲಿ ಗುಂಡಗಿದ್ದರೆ ಸೈಟ್ ಸರಿಯಿದೆ, ಕಣ್ಣಿಗೆ ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಸಮವಿಲ್ಲದ ದೋಷ) ಇದೆ. ಹಿಂದಿನ ಪೀಪ್ ಸೈಟಿನ ಸಣ್ಣ ರಂಧ್ರದ ಮೂಲಕ ನೋಡಿದಾಗಲೂ ಚುಕ್ಕೆ ಗುಂಡಗಾಗುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ಸಿಲಿಂಡರ್ ಪವರ್ ನೋಡಿಸಿ ಕನ್ನಡಕ ಮಾಡಿಸಿಕೊಂಡರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಆಗದಿದ್ದರೆ ರೆಟಿಕಲ್ಲನ್ನು ಗಾಜಿನ ಮೇಲೆ ಕೊರೆದಿರುವ ಪ್ರಿಸಂ ಸೈಟ್ ಒಂದು ದಾರಿ.

ಕ್ಲೀನಿಂಗ್‌ನಲ್ಲಿ ನಮ್ಮ ಕಡೆ ವಿಶೇಷ ಎಚ್ಚರ ಬೇಕು. ಬಳ್ಳಾರಿಯ ಕೆಂಪು ಧೂಳು ಹೆಮಟೈಟ್ ಅದಿರು. ಮೋಸ್ ಅಳತೆಯಲ್ಲಿ ಅದರ ಗಡಸುತನ 5.5ರಿಂದ 6.5. ಇದು ಕೂತ ಗಾಜನ್ನು ಒಣ ಬಟ್ಟೆಯಿಂದ, ಅದರಲ್ಲೂ ಬ್ಯಾರಲ್ಲಿಗೆ ಬಳಸಿದ ಎಣ್ಣೆ ಚಿಂದಿಯಿಂದ ಒರೆಸಿದರೆ ಲೇಪನದ ಮೇಲೆ ಗೆರೆ ಬೀಳುತ್ತದೆ. ಆ ಗೆರೆಗಳೇ ಮುಂದೆ ಎದುರು ಬಿಸಿಲಿಗೆ ಮಂಜಿನಂತೆ ಹೊಳೆಯುತ್ತವೆ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಬಾಯಿಂದ ಊದಬೇಡಿ, ಎಂಜಲು ಸೇರಿ ಧೂಳು ಅಂಟುತ್ತದೆ. ಆಮೇಲೆ ಮೆತ್ತನೆ ಬ್ರಷ್. ಇನ್ನೂ ಹೋಗದಿದ್ದರೆ ಶುದ್ಧ ನೀರು ಸುರಿದು ತೊಳೆಯಿರಿ. ಮುಚ್ಚಿದ ಕೊಳವೆಯ ಸೈಟಿಗೆ ಅದರಿಂದ ಏನೂ ಆಗದು, ಸೆಲ್ ಮುಚ್ಚಳ ಮಾತ್ರ ಬಿಗಿಯಾಗಿರಲಿ. ಕೊನೆಗೆ ಮೈಕ್ರೊಫೈಬರ್ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ, ಒತ್ತದೆ ಒರೆಸಿ. ಎಸಿ ಇರುವ ಕೋಣೆಯಿಂದ ಗಂಗಾವತಿ ಕಡೆಯ ಗದ್ದೆಬಯಲಿನ ತೇವಕ್ಕೆ ತಂದಾಗ ಹೊರಗಾಜಿನ ಮೇಲೆ ಹಬೆ ಕೂರುವುದು ಸಹಜ, ಕೆಲವು ನಿಮಿಷದಲ್ಲಿ ಹೋಗುತ್ತದೆ. ಒಳಗಾಜಿನ ಮೇಲೆ ಕೂತರೆ ಸೀಲ್ ಒಡೆದಿದೆ. ಅದನ್ನು ಬಿಚ್ಚದೆ ಕಂಪನಿಗೆ ಕಳಿಸಬೇಕು.

ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ ಟಿ-1, ಟಿ-2, ಈಒಟೆಕ್ ರೂಪದ ನಕಲುಗಳು ಡ್ಯೂಟಿಗೆ ಬಾರವು. ಗುರುತು ಹಿಡಿಯುವುದು ಸುಲಭ: ಅತಿ ಹೆಚ್ಚು ಹೊಳಪಿಗಿಟ್ಟರೂ ಬಿಸಿಲಲ್ಲಿ ಚುಕ್ಕೆ ಮಸುಕು, ಅತಿ ಕಡಿಮೆಗಿಟ್ಟರೂ ರಾತ್ರಿ ಕಣ್ಣು ಕುಕ್ಕುತ್ತದೆ. ಮುಂದಿನ ಗಾಜು ಕನ್ನಡಿಯಂತೆ ಕೆಂಪಗೆ ಹೊಳೆಯುತ್ತದೆ. ಅನುಮಾನವಿದ್ದರೆ ಚೌಕ ಪರೀಕ್ಷೆ ಮಾಡಿ: ಒಂದೇ ಬಿಂದುವಿಗೆ ಗುರಿಯಿಟ್ಟು ಹೊಡೆಯುತ್ತಾ 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ. ಕೊನೆಯ ಗ್ರೂಪ್ ಮೊದಲನೆಯದರ ಮೇಲೆಯೇ ಬೀಳಬೇಕು. ಟಿ-2ರಲ್ಲಿ 50 ಮೀಟರಿಗೆ ಚೌಕದ ಪ್ರತಿ ಬದಿ 130 ಮಿ.ಮೀ. ಬರಬೇಕು, ನಕಲಿನಲ್ಲಿ ಚೌಕವೇ ಆಗುವುದಿಲ್ಲ.

ಏರ್ ರೈಫಲ್‌ಗೆ ಮಾತ್ರ ಇಂಥ ಅಗ್ಗದ್ದೂ ಸಾಕಾಗಬಹುದು, ಮೇಲೆ ಬೇರೆ ಕಂಪನಿಯ ಹೆಸರು ಹೊತ್ತ ನಕಲಾಗಿರಬಾರದು ಅಷ್ಟೇ. 0.177 ಬೋರ್, 20 ಜೌಲ್ ಒಳಗಿನ ಏರ್ ರೈಫಲ್‌ಗೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಡ. ಕೊಳ್ಳುವ ಮುನ್ನ ಎರಡು ವಿಷಯ ಕೇಳಿ. ಏರ್ ರೈಫಲ್‌ಗಳ ಮೇಲೆ ಸಾಮಾನ್ಯವಾಗಿ 11 ಮಿ.ಮೀ. ಡವ್‌ಟೇಲ್ (ಓರೆ ಅಂಚಿನ ಕಿರಿದಾದ ರೈಲ್) ಇರುತ್ತದೆ, ಪಿಕಾಟಿನಿ ಮೌಂಟ್ ಅದಕ್ಕೆ ಹಿಡಿಯದು. ಇನ್ನು, ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ, ಪಿಸ್ಟನ್ ಬಡಿದಾಗ ಮುಂದಕ್ಕೆ, ಹೀಗೆ ಎರಡೂ ಕಡೆ ಒದೆಯುತ್ತದೆ. ಮಿಲಿಟರಿ ರೈಫಲ್ ಮೇಲೆ ಗಟ್ಟಿ ನಿಂತ ಸೈಟ್ ಕೂಡ ಇದಕ್ಕೆ ಸಡಿಲಾಗಬಹುದು. ಸ್ಪ್ರಿಂಗ್ ರೈಫಲ್‌ಗೆ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ ತೆಗೆದುಕೊಳ್ಳಿ, ಮೌಂಟಿನ ಹಿಂದೆ ತಡೆಗೂಟ ಹಾಕಿಸಿ. 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ತಯಾರಾಗುತ್ತಿರುವ ಮಕ್ಕಳಿಗೆ ಇದನ್ನು ಕೊಡಿಸಬೇಡಿ. ಅಲ್ಲಿ ಪೀಪ್ ಸೈಟ್ ಬಿಟ್ಟು ಬೇರೆಗೆ ಅವಕಾಶವಿಲ್ಲ.